ಮೆಟ್ಟಿಲಿನ ತಿರುವು

ಅಯ್ಯೋ, ಇದೂ ಒಂದು ಪ್ರಶ್ನೆನಾ ಸಾರ್! ತಮ್ಮ ಪ್ಲಾನ್ ಹಾಕ್ತಾನೆ, ಅಕ್ಕ ನಾನು ಕಂಟ್ರಾಕ್ಟರ್. ಒಂದೇ ತಾಯಿ ಮಕ್ಕಳು ಒಂದೇ ಮೇಜಿನ ಸುತ್ತ ಕೂತು ಕೆಲಸ ಮಾಡ್ತಾರಾ ಅಂತ ಪರೀಕ್ಷೆ ಮಾಡೋಕೆ ಆಸ್ಪತ್ರೆಯವರು ನಿಮ್ಮನ್ನ ಇಷ್ಟು ದೂರ ಕಳಿಸಿದ್ರಾ?... ಯಾಕೆ ನಗ್ತೀರಿ?

ನಗಿ, ನಗಿ! ಆಸ್ಪತ್ರೆಯವರ ಹೊಸ ಪದ್ಧತಿ ನನಗೂ ಅರ್ಥ ಆಗಿದೆ. ಕಟ್ಟಡದ ಯಜಮಾನರು, ಪ್ಲಾನ್ ಹಾಕೋರು, ಕಟ್ಟೋರು ಮೊದಲಿಂದಾನೇ ಜೊತೆಗಿರಬೇಕು. ಯಾರ ಕಣ್ಣಿಗೆ ತಪ್ಪು ಬಿದ್ರೂ ಆಗಲೇ ಬಾಯಿಬಿಟ್ಟು ಹೇಳಬೇಕು. ನೀವು 'ಇದಕ್ಕೆ ಇವರು ತಯಾರಿದ್ದಾರೆ' ಅಂದ್ರೆ ಆಸ್ಪತ್ರೆ ಕೆಲಸ ನಮಗೆ, ಇಲ್ಲಾಂದ್ರೆ ಬೇರೆಯವರಿಗೆ. ಅಷ್ಟೇ ತಾನೇ? ಧಾರಾಳವಾಗಿ ಬರೀರಿ! ಮುಚ್ಚುಮರೆ ಅನ್ನೋದು ನನ್ನ ಜಾಯಮಾನದಲ್ಲೇ ಇಲ್ಲ.

ಅವನ ಪ್ಲಾನಾ? ನೋಡಿದ್ದೀನಿ. ಬಂದ ದಿನಾನೇ ಇಂಚಿಂಚೂ ನೋಡಿದ್ದೀನಿ. ಒಂದೂ ಹುಳುಕಿಲ್ಲ, ಅಪ್ಪಟ ಚಿನ್ನ... ಯಾಕೆ ಅಲ್ಲೇ ಬೆರಳಿಟ್ಕೊಂಡು ಕೂತ್ರಿ? ಮೆಟ್ಟಿಲು ಸಾರ್ ಅದು. ಮೆಟ್ಟಿಲು ಅಂದ್ಮೇಲೆ ತಿರುವು ಇರಲ್ವಾ? ಸ್ಟ್ರೆಚರ್ ಹೇಗೋ ತಿರುಗುತ್ತೆ ಬಿಡಿ.

ಏನು?... ಸ್ಟ್ರೆಚರ್ ಅಂತ ನೀವು ಅನ್ನಲೇ ಇಲ್ವಾ?

ಹಾಗೆ ನೋಡಬೇಡಿ! ಹೌದು, ತಿರುಗಲ್ಲ! ಜಾಗ ಸಾಲಲ್ಲ! ಹೋದ ಸಲ ಶಾಲೆ ಕಟ್ಟಡದಲ್ಲಿ, ಕಿಟಕಿ ತಪ್ಪಾಗಿದೆ ಕಣೋ ಅಂದೆ. ಎಲ್ಲರೆದುರಿಗೆ ಏನಂದ ಗೊತ್ತಾ? 'ನೀನು ಇಟ್ಟಿಗೆ ನೋಡ್ಕೋ ಅಕ್ಕಾ, ಪ್ಲಾನ್ ನನಗೆ ಬಿಡು' ಅಂದ. ಮೇಸ್ತ್ರಿಗಳೆಲ್ಲ ಕಿಸಕ್ಕನೆ ನಕ್ರು. ಅವನನ್ನ ಎತ್ತಿ ಆಡಿಸಿದ ಕೈ ಸಾರ್ ಇದು! ಹೊಟ್ಟೆ ಉರೀತು, ಇವತ್ತಿಗೂ ಉರೀತಿದೆ! ಅದಕ್ಕೇ ಈ ಸಲ ಬಾಯಿಗೆ ಬೀಗ ಹಾಕ್ಕೊಂಡೆ. ಮೆಟ್ಟಿಲಿಗೆ ಕಾಂಕ್ರೀಟ್ ಹಾಕಿ ಆಗ್ಲಿ, ಆಮೇಲೆ ಒಡೆಯೋವಾಗ ಅದೇ ಮೇಸ್ತ್ರಿಗಳ ಮುಂದೆ ಅವನೂ ತಲೆ ತಗ್ಗಿಸಿ ನಿಲ್ಲಲಿ ಅಂತ.

ರೋಗಿಗಳು ಬರೋ ಹೊತ್ತಿಗೆ ಒಡೆಸೇ ಒಡೆಸ್ತಿದ್ದೆ. ಹಾಗೇ ಬಿಡ್ತಿದ್ದೆನಾ?... ನಂಬಲ್ವಾ? ಬೇಡ ಬಿಡಿ! 'ತಯಾರಿಲ್ಲ' ಅಂತಾನೇ ಬರೀರಿ, ನಾನೇನು ಅಂಜಲ್ಲ. ತಪ್ಪು ಮಾಡಿದ್ದು ಅವನು. ನಾನು ಸುಮ್ಮನಿದ್ದೆ, ಅಷ್ಟೇ! ಸುಮ್ಮನಿರೋದೂ ಒಂದು ತಪ್ಪಾ ಸಾರ್?

ಹೇಳಿ... ಬೈಯೋದಾದ್ರೂ ಬೈಯಿರಿ. ಹೀಗೆ ಸುಮ್ಮನೆ ಕೂರಬೇಡಿ ಸಾರ್, ನನಗೆ ತಡೆಯೋಕಾಗ್ತಿಲ್ಲ.