ಇಪ್ಪತ್ತು ಅಡಿ ಅಗಲದ ನಗು

ಒಂದೂರಿನಲ್ಲಿ ಒಬ್ಬ ಹಲ್ಲಿನ ಡಾಕ್ಟರ್ ಇದ್ದ. ಶ್ರೀಮಂತ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಇಲ್ಲಿ ಕೂತವರಲ್ಲಿ ಅರ್ಧ ಜನ ಥಟ್ಟನೆ ಬಾಯಿ ಮುಚ್ಚಿಕೊಳ್ಳುತ್ತೀರಿ. ನಿಮ್ಮ ಹಲ್ಲು ಕಟ್ಟಿದವನು ಅವನೇ ಇರಬಹುದು.

ಆಸ್ಪತ್ರೆ ಅಂದರೆ ಎಂಥ ಆಸ್ಪತ್ರೆ, ನೋಡಿ. ಬಾಗಿಲಲ್ಲೇ ತಂಪು ಗಾಳಿ, ಒಳಗೆ ಬಣ್ಣದ ಮೀನುಗಳ ಗಾಜಿನ ತೊಟ್ಟಿ, ಮೂಲೆಯಲ್ಲಿ ಕಾಫಿ ಯಂತ್ರ. ಹಲ್ಲುನೋವಿನವರಿಗೆ ಬಿಸಿ ಕಾಫಿ ಯಾಕೆ ಎಂದು ಕೇಳಬೇಡಿ. ದೊಡ್ಡ ಜಾಗಗಳಲ್ಲಿ ಅಂಥ ಪ್ರಶ್ನೆ ಕೇಳಬಾರದು. ಡಾಕ್ಟರ್ ಎರಡು ದಿನ ದೊಡ್ಡ ಹೋಟೆಲಿನಲ್ಲಿ ಕೂತು ತರಬೇತಿ ಪಡೆದು ಬಂದಿದ್ದ. ರೋಗ ಗುಣಪಡಿಸುವ ತರಬೇತಿಯಲ್ಲ, ಆಸ್ಪತ್ರೆ ಬೆಳೆಸುವ ತರಬೇತಿ. ಬಂದವರಿಗೆ ಎಷ್ಟು ಹಲ್ಲು ಕಾಣುವಂತೆ ನಗಬೇಕು, ಒಬ್ಬೊಬ್ಬರನ್ನು ಎಷ್ಟು ನಿಮಿಷಕ್ಕೆ ಎಬ್ಬಿಸಿ ಕಳಿಸಬೇಕು, ಎಲ್ಲವನ್ನೂ ಟೈ ಕಟ್ಟಿದ ಒಬ್ಬಾತ ಪರದೆಯ ಮೇಲೆ ತೋರಿಸಿದ್ದ.

ಅಲ್ಲಿ ಕಲಿತ ಇನ್ನೊಂದು ವಿದ್ಯೆ ಜಾಹೀರಾತು. ಸಿನಿಮಾದವರ ಮುಖ ಹಾಕಬೇಡಿ, ನಿಮ್ಮೂರಿನವರದೇ ಹಾಕಿ, ಜನ ನಂಬುತ್ತಾರೆ ಎಂದಿದ್ದರಂತೆ. ಡಾಕ್ಟರ್ ಉಚಿತ ತಪಾಸಣೆ ಶಿಬಿರ ನಡೆಸಿದ. ಉಚಿತ ಅಂದಮೇಲೆ ಕೇಳಬೇಕೇ? ಗುಂಪು ಗುಂಪಾಗಿ ಬಂದರು. ಅವರಲ್ಲಿ ಫಕೀರವ್ವ ಎಂಬ ಹೆಂಗಸು. ಹಳೇ ಮಾರ್ಕೆಟ್ಟಿನಲ್ಲಿ ಮೆಂತ್ಯ, ಕೊತ್ತಂಬರಿ ಮಾರುವವಳು. ಅರವತ್ತು ದಾಟಿದೆ, ಆದರೆ ನಕ್ಕಳೆಂದರೆ ಇಡೀ ಮುಖವೇ ನಗುತ್ತದೆ. ಡಾಕ್ಟರ್ ನೋಡಿದ. ಫೋಟೋ ಸಿಕ್ಕಿತು ಅಂದುಕೊಂಡ.

ಕುರ್ಚಿಯಲ್ಲಿ ಒರಗಿಸಿದಾಗ ಅವಳು ಕೆಳತುಟಿಗೆ ಬೆರಳಿಟ್ಟು, ಖಾರ ತಾಗಿದರೆ ಇಲ್ಲಿ ಉರಿಯುತ್ತದೆ, ಮೂರು ತಿಂಗಳಾಯಿತು ಎಂದು ಹೇಳತೊಡಗಿದಳು. ಎಲ್ಲ ಸರಿಹೋಗುತ್ತದೆ, ಬಾಯಿ ದೊಡ್ಡದಾಗಿ ತೆಗೆಯಿರಿ ಎಂದ. ತೆಗೆದಳು. ಹಲ್ಲು ತೊಳೆದ, ಮುಂದಿನ ಎರಡು ಹಲ್ಲು ಕಟ್ಟಿದ, ಬಿಡಿಗಾಸೂ ತೆಗೆದುಕೊಳ್ಳಲಿಲ್ಲ. ಎಂಥ ದಾನಿ. ಆಮೇಲೆ ಲೈಟು ಹಾಕಿ, ಕೆಳತುಟಿ ಇಳಿದು ವಸಡೂ ಕಾಣುವಂತೆ ನಗಿಸಿ, ಫೋಟೋ ತೆಗೆಸಿದ. ವಾರದೊಳಗೆ ಊರಿನ ದೊಡ್ಡ ಸರ್ಕಲ್ಲಿನಲ್ಲಿ ಇಪ್ಪತ್ತು ಅಡಿ ಅಗಲದ ಫ್ಲೆಕ್ಸ್ ಎದ್ದಿತು. ಫಕೀರವ್ವ ನಗುತ್ತಿದ್ದಳು. ಡಾಕ್ಟರ್ ದಿನಾ ಕಾರಿನ ಗಾಜು ಇಳಿಸಿ ಆ ನಗುವನ್ನು ನೋಡುತ್ತಿದ್ದ. ಅವಳ ನಗುವನ್ನಲ್ಲ, ತಾನು ಕಟ್ಟಿದ ಎರಡು ಹಲ್ಲುಗಳನ್ನು.

ಎರಡು ತಿಂಗಳು ಹೀಗೇ ಹೋಯಿತು. ಒಂದು ದಿನ ಸರ್ಕಾರಿ ಆಸ್ಪತ್ರೆಯ ಹಲ್ಲಿನ ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದು ಆ ಸರ್ಕಲ್ಲಿನ ಸಿಗ್ನಲ್ಲಿಗೆ ನಿಂತಳು. ತಲೆಯೆತ್ತಿದಳು. ಹಸಿರು ದೀಪ ಬಿತ್ತು, ಹಿಂದಿನವರು ಹಾರನ್ ಬಾರಿಸಿದರು, ಅವಳು ಕದಲಲಿಲ್ಲ. ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಿ ಫ್ಲೆಕ್ಸಿನ ಬುಡದಲ್ಲಿ ನಿಂತು ಮತ್ತೆ ನೋಡಿದಳು. ನೇರವಾಗಿ ನಮ್ಮ ಡಾಕ್ಟರನ ಆಸ್ಪತ್ರೆಗೆ ಬಂದಳು. ಅಲ್ಲಿ ಅವಳಿಗೂ ಟೋಕನ್ ಕೊಟ್ಟು ಕೂರಿಸಿದರು. ಶಿಸ್ತು ಅಂದರೆ ಶಿಸ್ತು.

ಒಳಗೆ ಹೋಗಿ ಅವಳು ಕೇಳಿದ್ದು ಇಷ್ಟೇ. "ಫ್ಲೆಕ್ಸ್‌ನ್ಯಾಗ ಇರೋ ಅಮ್ಮ ಯಾರ್ರಿ? ಕೆಳತುಟಿ ಒಳಗ, ತಂಬಾಕು ಇಡೋ ಜಾಗದಾಗ, ಬಿಳೀ ಕಲೆ ಐತಿ. ನಡುವ ಕೆಂಪಾಗೇತಿ. ತಪಾಸಣಿಗೆ ಕಳಿಸೀರೇನು?"

ಅಚ್ಚಿನ ತಪ್ಪಿರಬೇಕು ಎಂದ ಡಾಕ್ಟರ್. ಎನ್ನುತ್ತಲೇ ಕಂಪ್ಯೂಟರಿನಲ್ಲಿ ಮೂಲ ಫೋಟೋ ತೆಗೆದು ದೊಡ್ಡದು ಮಾಡಿದ. ಕಲೆ ಅಲ್ಲೂ ಇತ್ತು. ಐದು ವರ್ಷ ಓದಿದವನು, ದಡ್ಡನಲ್ಲ. ಕಲೆಯ ಹೆಸರು, ಅದು ಮುಂದೆ ಏನಾಗಬಹುದು ಎಂಬುದು ಪುಸ್ತಕದ ಪುಟ ತೆರೆದಂತೆ ನೆನಪಿಗೆ ಬಂತು. ರೋಗಿಯ ವಿಳಾಸ ತನ್ನಿ ಎಂದ. ಶಿಬಿರದ ಪಟ್ಟಿ ತಂದರು. ಅದರಲ್ಲಿ ಅವಳ ಸಾಲಿನಲ್ಲಿ 'ಸ್ಮೈಲ್ ನಂಬರ್ ಎರಡು' ಎಂದಷ್ಟೇ ಇತ್ತು. ಹೆಸರಿಲ್ಲ, ಫೋನ್ ನಂಬರಿಲ್ಲ, ಓಣಿಯಿಲ್ಲ. ಮಾರ್ಕೆಟ್ಟಿನವಳು ಅಂತ ಅಂದಿದ್ದಳು ಎಂಬುದಷ್ಟೇ ಒಬ್ಬ ನರ್ಸಿಗೆ ನೆನಪು.

ಡಾಕ್ಟರಮ್ಮ ಹೋದಮೇಲೆ ಮ್ಯಾನೇಜರ್ ಮೆಲ್ಲಗೆ ಒಂದು ಉಪಾಯ ಹೇಳಿದ. ಸಂಜೆಯೊಳಗೆ ಆ ಫ್ಲೆಕ್ಸ್ ಇಳಿಸಿ ಬೇರೆ ನಗು ಏರಿಸಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ಸುಳ್ಳು ಯಾಕೆ ಹೇಳಲಿ, ಅರ್ಧ ಗಂಟೆ ಡಾಕ್ಟರನಿಗೂ ಆ ಮಾತು ಹಿತವಾಗಿಯೇ ಕೇಳಿಸಿತು. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಫೋಟೋ ಹಿಡಿದು ಒಬ್ಬನೇ ಮಾರ್ಕೆಟ್ಟಿಗೆ ಹೊರಟ.

ಸೊಪ್ಪು ಮಾರುವ ಹೆಂಗಸರು ಫೋಟೋ ನೋಡಿ ಮೊದಲು ನಕ್ಕರು. ಆಮೇಲೆ, ಅವಳು ಬರದೆ ಇಪ್ಪತ್ತು ದಿನವಾಯಿತು, ರೊಟ್ಟಿ ಅಗಿಯಲಾಗದೆ ಗಂಜಿ ಕುಡಿಯುತ್ತಿದ್ದಾಳೆ ಎಂದರು. ಅವಳ ಮನೆ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲೇ. ಕಟ್ಟೆಯ ಮೇಲೆ ಕೂತು ಬೇರೆಯವರ ಅಂಗಡಿಗೆ ಕೊತ್ತಂಬರಿ ಕಟ್ಟುತ್ತಿದ್ದ ಫಕೀರವ್ವ ಅವನನ್ನು ನೋಡಿ ಎದ್ದು ನಿಂತಳು. ನಗಲು ಹೋಗಿ ನೋವಾಗಿ ತುಟಿ ಒತ್ತಿಕೊಂಡಳು.

ನೋವಿದೆ ಎಂದು ಅವತ್ತೇ ಯಾಕೆ ಸರಿಯಾಗಿ ಹೇಳಲಿಲ್ಲ ಎಂದು ಕೇಳಿದ. ನೋಡಿ, ಆಗಲೂ ತಪ್ಪು ಅವಳದೇ ಆಗಿರಲಿ ಎಂಬ ಆಸೆ.

ಅವಳು ಬೈಯಲಿಲ್ಲ. "ಹೇಳಾಕ ಹತ್ತಿದ್ನಲ್ರೀ ಸಾಹೇಬ್ರ. ನೀವು ಬಾಯಿ ತೆಗಿ ಅಂದ್ರಿ, ಒಳಗ ಕೈ ಹಾಕಿದ್ರಿ. ಬಾಯಾಗ ನಿಮ್ಮ ಕೈ ಇಟ್ಟುಕೊಂಡು ನಾ ಹೆಂಗ ಮಾತಾಡ್ಲಿ?"

ಡಾಕ್ಟರ್ ಆ ಕಟ್ಟೆಯ ಮೇಲೆ, ಸೊಪ್ಪಿನ ಪಕ್ಕದಲ್ಲಿ, ಕೂತ. ಎಂದಿನಿಂದ, ಎಲ್ಲಿ, ಏನು ತಿಂದರೆ, ತಂಬಾಕು ಎಷ್ಟು ವರ್ಷದಿಂದ ಎಂದು ಒಂದೊಂದಾಗಿ ಕೇಳಿದ. ಅವಳು ಹೇಳಿ ಮುಗಿಸುವವರೆಗೆ ಗಡಿಯಾರ ನೋಡಲಿಲ್ಲ. ಮರುದಿನ ತಾನೇ ಅವಳನ್ನು ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಾಲಿನಲ್ಲಿ ಐದು ಗಂಟೆ ನಿಂತ. ಪರೀಕ್ಷೆಯಾಯಿತು, ಅನುಮಾನ ನಿಜವಾಯಿತು. ತುಟಿಯ ಒಂದಿಷ್ಟು, ವಸಡಿನ ಒಂದಿಷ್ಟು ಕತ್ತರಿಸಿ ತೆಗೆದರು. ಅವನು ಕಟ್ಟಿದ ಹಲ್ಲು ಉಳಿದವು, ಆದರೆ ಆ ನಗು ಉಳಿಯಲಿಲ್ಲ. ಜೀವ ಉಳಿಯಿತು. ಮೊದಲ ದಿನವೇ ಕಳಿಸಿದ್ದರೆ ಇಷ್ಟು ಕತ್ತರಿಸಬೇಕಾಗಿರಲಿಲ್ಲ ಎಂದು ಅಲ್ಲಿನ ವೈದ್ಯರು ಅವನ ಮುಖಕ್ಕೇ ಹೇಳಿದರು. ಫಕೀರವ್ವ ಮತ್ತೆ ಮಾರ್ಕೆಟ್ಟಿಗೆ ಬಂದಿದ್ದಾಳೆ. ನಕ್ಕರೆ ತುಟಿ ಒಂದು ಕಡೆ ಸೊಟ್ಟಗಾಗುತ್ತದೆ. ಅವಳೇನೂ ನಗುವುದು ಬಿಟ್ಟಿಲ್ಲ. ಅವಳೆದುರು ನಗಲಾಗದೆ ಇರುವವನು ಡಾಕ್ಟರ್.

ನೀವೆಲ್ಲ ತಲೆಯಾಡಿಸುತ್ತಿದ್ದೀರಿ, ಎಂಥ ಪಾಪಿ ಡಾಕ್ಟರ್ ಎಂದು. ಒಳ್ಳೆಯದು. ನಿನ್ನೆ ನಿಮ್ಮ ಹೆಂಡತಿ, ಯಾಕೋ ಊಟ ಸೇರುತ್ತಿಲ್ಲ ಎಂದಳು. ನೀವು ಮೊಬೈಲಿನಿಂದ ಕಣ್ಣೆತ್ತದೆ, ಗ್ಯಾಸ್ ಆಗಿರಬೇಕು ಎಂದಿರಿ. ನೀವು ಯಾವ ಕಾಲೇಜಿನಲ್ಲಿ ಓದಿದ ಡಾಕ್ಟರು? ಮನೆಯವರೆಲ್ಲ ನಗುವ ಫೋಟೋ ಗೋಡೆಗೆ ಹಾಕಿದ್ದೀರಿ. ಅದರಲ್ಲಿರುವ ಒಬ್ಬೊಬ್ಬರಿಗೆ ಎಲ್ಲಿ ನೋವಿದೆ ಎಂದು ಗೊತ್ತಿದೆಯೇ? ಇವತ್ತು ಮನೆಗೆ ಹೋಗಿ ಒಬ್ಬರನ್ನು ಕೇಳಿ. ಕೇಳಿದಮೇಲೆ ನೀವು ಬಾಯಿ ಮುಚ್ಚಿಕೊಳ್ಳಿ. ಅವರು ಹೇಳಿ ಮುಗಿಸಲಿ. ಉರಿ ಎಂದರೆ ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು, ಹಿಂದಿನ ಸಾಲಿನಲ್ಲಿ ಕೆಳತುಟಿ ಉಬ್ಬಿಸಿಕೊಂಡು ಬಹಳ ಭಕ್ತಿಯಿಂದ ಕೂತಿದ್ದೀರಲ್ಲ, ನಾಲ್ಕೈದು ಜನ. ಎದ್ದು ಹೊರಗೆ ಹೋಗಿ, ಉಗುಳಿ, ಬಾಯಿ ತೊಳೆದುಕೊಂಡು ಬನ್ನಿ. ನೀವು ಬರುವವರೆಗೆ ಪ್ರವಚನ ನಿಲ್ಲಿಸಿರುತ್ತೇನೆ.