ಸತ್ತವನಿಗೆ ಜ್ಞಾನಸ್ನಾನ

ಯಲ್ಲಾಪುರದ ಬಸ್ ನಿಲ್ದಾಣದಲ್ಲಿ, ಕ್ಯಾಥೊಲಿಕ್ ಇಗರ್ಜಿ ಬಿಟ್ಟು ಮಾರ್ಮನ್ ಎಂಬ ಕ್ರೈಸ್ತ ಪಂಥದ ಸಭೆ ಸೇರಿದ ಮಗ ಮಿಂಗೇಲನ ಜೊತೆ ಜಸಿಂತಾಬಾಯಿ ಶಿರಸಿ ಬಸ್ಸು ಕಾಯುತ್ತಿದ್ದಳು. ಆ ಸಭೆಯ ಪದ್ಧತಿಯಂತೆ ತೀರಿಕೊಂಡ ಅಪ್ಪನ ಪರವಾಗಿ ತಾನು ಜ್ಞಾನಸ್ನಾನ ಪಡೆಯಲು ಅವನಿಗೆ ತಾಯಿಯ ಒಪ್ಪಿಗೆ ಬೇಕಿತ್ತು.

“ನಿಮ್ಮಪ್ಪಂಗೆ ಕೂಸಿದ್ದಾಗ್ಲೇ ಇಗರ್ಜಿಯಲ್ಲಿ ಆಗಿದ್ಯಲ್ಲೋ.”

“ಆ ಪಾದ್ರಿಗೆ ಅಧಿಕಾರ ಇರ್ಲಿಲ್ಲ ಅಂತಾರೆ ನಮ್ಮ ಸಭೆಯವ್ರು.”

“ಥೂ! ನಮ್ಮ ಮದುವೆ ಮಾಡ್ಸಿದ್ದೂ ಅಂಥ ಪಾದ್ರಿಗಳೇ. ಹಂಗಾರೆ ನೀ ಯಾರ ಮಗ?”

“ಬಲವಂತ ಇಲ್ಲ ಅಮ್ಮಾ. ಇಷ್ಟ ಇಲ್ದಿದ್ರೆ ಅಪ್ಪನ ಆತ್ಮ ಪರಲೋಕದಲ್ಲೇ ಬೇಡ ಅನ್ಬಹುದು.”

“ಬದುಕಿದ್ದಾಗ ಅವರನ್ನೇ ಕೇಳೂಕೆ ಧೈರ್ಯ ಇತ್ತಾ ನಿಂಗೆ?”

ಮಿಂಗೇಲ ಬಸ್ಸು ಬರುವ ದಾರಿಯತ್ತ ಮುಖ ತಿರುಗಿಸಿದ.

“ಜಪಮಾಲೆ ಕೈಗೆ ಸುತ್ತಿ ಅವರನ್ನ ಮಣ್ಣು ಮಾಡಿದ್ದು. ಹೋಗಿ ಅದನ್ನ ಬಿಚ್ಕೊಂಡು ಬಾ, ಆಮೇಲೆ ಕೇಳು.”

ಶಿರಸಿ ಬಸ್ಸು ಬಂತು. ಜಸಿಂತಾಬಾಯಿ ಮೊದಲು ಹತ್ತಿ, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಳು.