ಟೊಪ್ಪಿಗಿಯೊಳಗಿನ ಕುಂಕುಮ

ನಗೋರು ಈಗ ನಕ್ಕಬಿಡ್ರಿ, ಆಮ್ಯಾಲ ನಗು ಬರೂದಿಲ್ಲ. ನಾ ಭೀಮೇಶ, ಪಾಮನಕಲ್ಲೂರಿನವ. ಅಮಾಸಿ ದಿನ ಸುಡುಗಾಡಿನ್ಯಾಗ ಕುಂತು ಬೀಡಿ ಸೇದಿ ಬಂದ ಗಂಡಸು. ಸುಳ್ಳು ಹೇಳೂ ಜರೂರತ್ತು ನನಗಿಲ್ಲ. ಇದು ನಮ್ಮ ಚಿಗವ್ವನ ಮಗಳು ಅಂಬಿಕಾಗ ಆದದ್ದು.

ಅಂಬಿಕಾ ಅಂದ್ರ ಸಾಮಾನ್ಯದಾಕಿ ಅಲ್ಲ. ನಿಮ್ಮ ಮೊಬೈಲಿನ ಹೊಟ್ಟ್ಯಾಗ ಇರೂ ಚಿಪ್ ಮಾಡೂ ಇಂಜಿನಿಯರ್, ಗುಜರಾತಿನ ಒಂದು ಫ್ಯಾಕ್ಟರ್ಯಾಗ. ಇಡೀ ಮಸ್ಕಿ ತಾಲೂಕಿಗೆ ಒಬ್ಬಾಕೀನ!

ಮೊನ್ನಿ ರಮ್ಜಾನ್ ತಿಂಗಳಾಗ ರಜಾ ಹಾಕಿ ಬಂದ್ಲು. ಮಸ್ಕಿಯಿಂದ ಕಡೀ ಬಸ್ಸು. ಕ್ರಾಸಿನ್ಯಾಗ ಇಳಿದಾಗ ಊರಿನ ದೀಪ ಆರಿದ್ದವು. ಹಳೇ ಬಾವಿ ದಾಟಿ ಮನಿಗೆ ಬರಬೇಕು. ಗಾಳಿ ಇಲ್ಲ. ನಾಯಿ ಸುದ್ದಿ ಇಲ್ಲ...

ಬಾವಿ ಹತ್ರ ಹಿಂದಿನಿಂದ ಸಪ್ಪಳ.

ಚರ್ರ್... ಚರ್ರ್...

ಚಪ್ಪಲಿ ಸಪ್ಪಳ ಅಲ್ಲ. ಅಂಬಿಕಾಗ ಅದು ಚಲೋತ್ನಂಗ ಗೊತ್ತು. ಫ್ಯಾಕ್ಟರಿ ಒಳಗಿನ ಬಾಗಲಕ್ಕ ಅಂಟಿನ ಹಾಸು ಹಾಕಿರ್ತಾರ, ಬೂಟಿನ ಧೂಳು ಅಲ್ಲೇ ಮೆತ್ತಿಕೊಳ್ಳಲಿ ಅಂತ. ಹೆಜ್ಜಿ ಎತ್ತಿದಾಗೆಲ್ಲ ಚರ್ರ್ ಅಂತ ಕಿತ್ತು ಬರತೈತಿ. ಮಣ್ಣಿನ ದಾರ್ಯಾಗ ಅದು ಎಲ್ಲಿಂದ ಬಂತು?

ತಿರುಗಿ ನೋಡಿದ್ಲು. ಬಾವಿಕಟ್ಟಿ ಮಗ್ಗಲಿಗೆ ಬೆಳ್ಳಗ ಒಬ್ಬಾಕಿ. ತಲಿಯಿಂದ ಕಾಲತನ ಫ್ಯಾಕ್ಟರ್ಯಾಗ ಹಾಕೂ ಬಿಳಿ ಸೂಟು, ಮುಖಕ್ಕ ಮಾಸ್ಕು. ಕಣ್ಣಷ್ಟ ಕಾಣ್ತಿದ್ವು. ಕಣ್ಣಿಗೆ ಸುರ್ಮಾ.

ಹುಸ್ನಾ!

ಸಿಂಧನೂರಿನ ಹುಸ್ನಾ ಅಂಬಿಕಾನ ಜೋಡಿ ಒಂದ ಶಿಫ್ಟಿನ್ಯಾಗ ದುಡದಾಕಿ, ಒಂದ ರೂಮಿನ್ಯಾಗ ಉಂಡಾಕಿ. ಆ ಫ್ಯಾಕ್ಟರ್ಯಾಗ ಪೌಡರ್ ಇಲ್ಲ, ಹೂವಿಲ್ಲ, ಕುಂಕುಮ ಇಲ್ಲ. ಒಂದು ಕಣ ಉದುರಿದ್ರ ಚಿಪ್ ಸತ್ತಂಗ. ಹ್ವಾದ ವರ್ಷ ಅಂಬಿಕಾ ರೈಲಿಳಿದು ಸೀದಾ ಶಿಫ್ಟಿಗೆ ಓಡಿದ್ಲು. ಅವ್ವ ಪೀರಮ್ಮ ಹಚ್ಚಿ ಕಳಿಸಿದ್ದ ಹುಲಿಗೆಮ್ಮನ ಕುಂಕುಮ ಹಣಿಯಿಂದ ಒರಿಸಿದ್ಲು, ಬೈತಲಿಯೊಳಗಿಂದು ಉಳೀತು. ಮ್ಯಾಲ ಬಿಳಿ ಟೊಪ್ಪಿಗಿ ಎಳಕೊಂಡ್ಲು. ಯಾರಿಗೆ ಕಾಣಬೇಕು?

ಮಾಲು ಕೆಟ್ಟಿತು. ಸೂಕ್ಷ್ಮದರ್ಶಕದಾಗ ಮೊದಲು ನೋಡಿದಾಕಿ ಹುಸ್ನಾ. ಕೆಂಪು ಕಣ ಕಂಡ್ಲು, ಅಂಬಿಕಾನ ಮುಖ ನೋಡಿದ್ಲು, ಗಾಳಿ ಪೈಪು ಹಿಡದು ಅದನ್ನ ಹಾರಿಸಿಬಿಟ್ಲು. ತುಟಿ ಬಿಚ್ಚಲಿಲ್ಲ. ಸಾಹೇಬರು ಬಂದು ಎಲ್ಲಾರ ಕಣ್ಣು ನೋಡಿದ್ರು. ಹುಸ್ನಾನ ಕಣ್ಣಂಚಿನ್ಯಾಗ ಹಬ್ಬದ ಸುರ್ಮಾದ ಪುಡಿ ತೊಳದರೂ ಕರ್ರಗ ಉಳದಿತ್ತು. ತಪ್ಪು ಆಕೀದ ಆತು.

ಅಂಬಿಕಾ ಸುಮ್ಮನ ನಿಂತ್ಲು.

ನೌಕರಿ ಕಳಕೊಂಡು ಸಿಂಧನೂರಿಗೆ ಬಂದ ಹುಸ್ನಾ ಕಾಮಾಲಿ ಆಗಿ ತೀರಿಕೊಂಡ್ಲು. ಆಕಿ ತಾಯಿ ಮೈಮುನಾಬಿ ಫೋನ್ ಮಾಡಿ ಕೇಳಿದ್ಲು, "ನನ್ನ ಬೇಟಿ ಖರೇನ ಮಾಲು ಕೆಡಿಸಿದ್ಲೇನವ್ವ? ಓಣಿ ಮಂದಿ ಆಡಿಕೊಳ್ಳಾಕತ್ತಾರ." ನೆಟ್‌ವರ್ಕ್ ಇಲ್ಲ ಅಂತ ಅಂಬಿಕಾ ಫೋನಿಟ್ಲು. ಖರೇ ಹೇಳಿದ್ರ ತನ್ನ ನೌಕರಿ ಹೋಗತೈತಲ್ಲ...

ಬಾವಿ ಕಡಿಂದ ಪಿಸುಮಾತು ಬಂತು.

"ಟೊಪ್ಪಿಗಿ ತೆಗಿಯೇ, ಅಂಬಿ..."

"ಹಾ... ಹಾಕ್ಕೊಂಡಿಲ್ಲಬೇ."

"ಅವತ್ತಿಂದ ತೆಗದೇ ಇಲ್ಲ ನೀ."

"ನಿನ್ನ ಕಾಲಿಗೆ ಬೀಳ್ತೀನಿ, ಹುಸ್ನಾ."

"ಬ್ಯಾಡಬೇ, ಸೂಟಿಗೆ ಧೂಳು ಹತ್ತತೈತಿ. ಅಮ್ಮೀ ಕಡೆ ಹೋಗು..."

ಸುಂಯ್ ಅಂತ ಒಂದ ಗಾಳಿ. ಕಟ್ಟಿ ಮಗ್ಗಲಿಗೆ ಯಾರೂ ಇಲ್ಲ.

ಮುಂಜಾನೆ ಅಂಬಿಕಾ ನನ್ನ ಬಾಗಲಾ ಬಡದ್ಲು. "ಅಣ್ಣಾ, ಬೈಕ್ ತಗಿ. ಸಿಂಧನೂರಿಗೆ."

ಮೈಮುನಾಬಿ ನಮ್ಮಿಬ್ಬರ ಮುಂದ ಚಹಾ ತಂದಿಟ್ಲು. ತಾನು ರೋಜಾ ಇದ್ದಾಕಿ, ಗುಟುಕು ನೀರೂ ಮುಟ್ಟಿರಲಿಲ್ಲ. ಕಪ್ಪಿಗೆ ಕೈ ಹಚ್ಚೂ ಮೊದಲ ಅಂಬಿಕಾ ಎಲ್ಲಾ ಹೇಳಿದ್ಲು. ಕುಂಕುಮ, ಹುಸ್ನಾ ಮುಚ್ಚಿಟ್ಟದ್ದು, ತಾನು ಬಾಯಿ ಬಿಡದೇ ನಿಂತದ್ದು.

ಮುದುಕಿ ಕೇಳಿದ್ಲು, "ಇದನ್ನ ಓಣ್ಯಾಗ ಹೇಳ್ತೀಯೇನವ್ವ?"

"ಹೇಳ್ತೀನಿ, ಅಮ್ಮೀ. ಕಂಪನಿಗೂ ಹೇಳ್ತೀನಿ."

ಮೂವರೂ ಹೊರಗ ಬಂದ್ವಿ. ಮೈಮುನಾಬಿ ಬಾಗಲಕ್ಕ ಕೀಲಿ ಹಾಕಿದ್ಲು. ನಳದ ಕಡೆ ನಿಂತ ಹೆಣ್ಣುಮಕ್ಕಳ ಮುಂದ ಅಂಬಿಕಾ ಹೇಳಿದ್ಲು, "ಕೆಡಿಸಿದಾಕಿ ನಾನು. ಹುಸ್ನಾ ಅಲ್ಲ." ಒಬ್ಬಾಕಿ ಕೊಡ ತುಂಬಿ ಚೆಲ್ಲಾಕತ್ತಿದ್ರೂ ನಳ ಬಂದ್ ಮಾಡಲಿಲ್ಲ.

ತಿರುಗಿ ಬಂದು ಕೀಲಿ ತೆಗದ್ವಿ. ನನ್ನ ಚಹಾದ ಮ್ಯಾಲ ಕೆನಿ ಕಟ್ಟಿತ್ತು. ಅಂಬಿಕಾ ಮುಟ್ಟದ ಇನ್ನೊಂದು ಕಪ್ಪು ಖಾಲಿ... ಸಾಕು ಅಂದವರು ಇಟ್ಟಂಗ ಬಸಿ ಮ್ಯಾಲ ಬೋರಲಾಗಿತ್ತು.

ಬೆಕ್ಕು ಅಂತೀರೇನು? ಬೆಕ್ಕು ಕಪ್ಪು ಬೋರಲು ಹಾಕತೈತೇನ್ರಿ? ನಾನ ಮುಟ್ಟಿ ನೋಡೀನಿ. ಇನ್ನೂ ಬೆಚ್ಚಗಿತ್ತು.